ಕೋಲ್ಡ್ ರೂಮಿನಿಂದ ಮಾರಕ್ಕನ ಫೋನು

ಫೋನು ಬಡಿದುಕೊಳ್ಳುತ್ತದೆ. ಎತ್ತಿದರೆ ಆ ಕಡೆ ಯಾರೂ ಇಲ್ಲ. ನಿಮ್ಮ ಮನೆಯಲ್ಲೂ ಹೀಗಾಗಿರುತ್ತದೆ. ರಾಂಗ್ ನಂಬರ್ ಅಂತ ಇಟ್ಟುಬಿಟ್ಟಿರುತ್ತೀರಿ. ಆದರೆ ಯಲಹಂಕದ ಚಿಕ್ಕಬೈರಪ್ಪನವರ ಹೂವಿನ ಅಂಗಡಿಗೆ ಬರುತ್ತಿದ್ದದ್ದು ರಾಂಗ್ ನಂಬರ್ ಅಲ್ಲ. ಫೋನಿನ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು: ಕೋಲ್ಡ್ ರೂಮ್.

ಇದು 2016ರ ಮಾತು. ಚಿಕ್ಕಬಾಣಾವರದ ಹಿರಿಯರ ಹೊಲದಲ್ಲಿ ಚಿಕ್ಕಬೈರಪ್ಪನವರು ಮೊದಲು ಒಂದು ಆಫೀಸು ಕಟ್ಟಿಸಿದರು. ಆಮೇಲೆ ಪಕ್ಕದಲ್ಲೇ ರೋಜಾ ಇಡಲು ಕೋಲ್ಡ್ ರೂಮ್ ಕಟ್ಟಿಸಿದರು. ಎಂಥಾ ಚಳಿ ಅಂತೀರಿ! ಒಳಗೆ ಸೀನಿದರೆ ಸೀನು ಗೋಡೆಗೆ ಅಂಟಿಕೊಳ್ಳುತ್ತಿತ್ತು. ಬಾಗಿಲು ತೆಗೆದು ಬಿಸಿಲು ಬಿದ್ದ ಮೇಲೇ ಅದರ ಸದ್ದು ಕೇಳುತ್ತಿತ್ತು.

ಆ ಕೋಣೆಯ ಹಿಂಗೋಡೆಗೆ ತಾಗಿದ ಹಾಗೇ ಅವರ ತಾಯಿ ಮಾರಕ್ಕನ ಸಮಾಧಿ. ಹೊಲದಲ್ಲೇ ಮಣ್ಣು ಮಾಡುವುದು ಅವರ ಮನೆತನದ ಪದ್ಧತಿ. ಗೋಡೆ ಎಬ್ಬಿಸುವಾಗ ಸಮಾಧಿ ಕಲ್ಲನ್ನು ಒಂದು ಗೇಣು ಸರಿಸಿದ್ದರು.

ಕೋಲ್ಡ್ ರೂಮಿನೊಳಗೆ ಮೊಬೈಲ್ ಸಿಗುವುದಿಲ್ಲ. ಅದಕ್ಕೇ ಗೋಡೆಗೊಂದು ಫೋನು ಹಾಕಿದ್ದರು. ಒಳಗೆ ಯಾರಾದರೂ ಸಿಕ್ಕಿಕೊಂಡು ಫೋನ್ ಎತ್ತಿದರೆ ಸಾಕು, ಯಲಹಂಕದ ಅಂಗಡಿಯಲ್ಲಿ ಬೆಲ್ ಆಗಬೇಕು. ಬೆಲ್ಲೇನೋ ಆಗುತ್ತಿತ್ತು. ಮಾತು ಬರುತ್ತಿರಲಿಲ್ಲ.

ಮೊದಲ ಸಲ ಬೆಲ್ ಆದದ್ದು ಅಮಾವಾಸ್ಯೆಯ ದಿನ. ಎತ್ತಿದವರು ಚಿಕ್ಕಬೈರಪ್ಪನವರ ಹೆಂಡತಿ ಲಕ್ಷ್ಮಿದೇವಮ್ಮ. "ಅಲೋ" ಎಂದರು. ಆ ಕಡೆ ಉಸಿರೂ ಇಲ್ಲ.

"ಕಲ್ಲು ಸರಿಸಿದ್ದಕ್ಕೆ ಅತ್ತೆ ಮುನಿಸ್ಕೊಂಡವ್ರೆ" ಎಂದು ಗಂಡನಿಗೆ ಹೇಳಿದರು. ಅಂದಿನಿಂದ ಕೋಲ್ಡ್ ರೂಮ್ ಫೋನು ಬಂದರೆ ಅದರ ಮುಂದೆ ಎಲೆ ಹಾಕಿ ಎಡೆ ಇಡುವರು. ಫೋನ್ ಎತ್ತಿ ಮನೆಯ ಸುದ್ದಿಯೆಲ್ಲ ಹೇಳುವರು. ಬದುಕಿದ್ದಾಗ ಅತ್ತೆಯ ಜೊತೆ ಅಷ್ಟು ಮಾತಾಡಿರಲಿಲ್ಲ!

ಆ ಕಡೆ ಫೋನು ಎತ್ತುತ್ತಿದ್ದವರು ಹೂವು ಆರಿಸುವ ಮುನಿಯಲ್ಲಮ್ಮ. ಆಗಾಗ ಏನೋ ಕೇಳಲು ಎತ್ತುವರು. ಅವರಿಗೂ ಏನೂ ಕೇಳಿಸುತ್ತಿರಲಿಲ್ಲ. ಗೋಡೆಯಾಚೆ ಯಾರು ಮಲಗಿದ್ದಾರೆಂದು ಅವರಿಗೂ ಗೊತ್ತು. ಕೈ ಮುಗಿದು ಫೋನ್ ಇಡುವರು, ಯಾರಿಗೂ ಹೇಳಲಿಲ್ಲ. ಹೀಗೆ ಎರಡೂ ಕಡೆ ಭಯಭಕ್ತಿಯಿಂದ ಸುಮ್ಮನಾದರು.

ಒಂದು ಮಧ್ಯಾಹ್ನ ವನಿತಾ ಹೂವು ಕೊಳ್ಳಲು ಅಂಗಡಿಗೆ ಬಂದಳು. ಪುಟ್ಟೇನಹಳ್ಳಿಯ ಹುಡುಗಿ. ಕಂಪನಿಗಳ ನೆಟ್‌ವರ್ಕ್ ಜೋಡಿಸುವುದು ಅವಳ ಕೆಲಸ. ಅಷ್ಟರಲ್ಲಿ ಬೆಲ್ ಆಯಿತು. ಲಕ್ಷ್ಮಿದೇವಮ್ಮ ಎತ್ತಿ, "ಇವತ್ತು ಒಬ್ಬಟ್ಟು ಮಾಡಿವ್ನಿ, ಸ್ವಲ್ಪ ಬೆಲ್ಲ ಜಾಸ್ತಿ ಆಯ್ತು" ಎಂದು ಇಟ್ಟರು. ಮತ್ತೆ ಬೆಲ್. ಮತ್ತೆ ಬೆಲ್.

"ಯಾರಕ್ಕಾ ಅದು?"

"ನಮ್ಮತ್ತೆ ಕಣಮ್ಮಾ."

"ಎಲ್ಲವ್ರೆ?"

"ಸತ್ತೋಗಿ ಆರು ವರ್ಸ ಆಯ್ತು."

ವನಿತಾ ಕೈಯಲ್ಲಿದ್ದ ಹೂವಿನ ಕಟ್ಟು ಕೆಳಗಿಟ್ಟಳು. "ಯಾವಾಗ್ಲೂ ಇಷ್ಟೊಂದ್ ಸಲ ಮಾಡ್ತಾರಾ?"

"ಇಲ್ಲಮ್ಮ. ಇವತ್ ಯಾಕೋ ಬಿಡ್ತಾನೇ ಇಲ್ಲ."

ವನಿತಾ ಫೋನ್ ಕಿವಿಗಿಟ್ಟಳು. ಬಾವಿಯೊಳಗೆ ಕಿವಿ ಇಟ್ಟ ಹಾಗಿತ್ತು. "ಅಕ್ಕಾ, ಕೋಲ್ಡ್ ರೂಮ್ ಅಂತೈತೆ, ಒಳಗೆ ಯಾರೋ ಸಿಕ್ಕಾಕೊಂಡವ್ರೆ! ನಿಮ್ಮ ಮಗ ಅಶ್ವತ್ಥ್‌ಗೆ ಮೊಬೈಲ್ ಮಾಡಿ. ಬಾಗಿಲು ತೆಗಿ ಅನ್ನಿ, ಈಗ್ಲೇ!"

ಅಶ್ವತ್ಥ್ ಚಿಕ್ಕಬಾಣಾವರ ಸ್ಟೇಷನ್ ಹತ್ತಿರವೇ ಊಟಕ್ಕೆ ಕೂತಿದ್ದ. ಎಂಜಲು ಕೈಯಲ್ಲೇ ಓಡಿದ. ಬಾಗಿಲಿನ ಒಳಚಿಲಕ ಹಿಮ ಕಟ್ಟಿ ಕೂತುಬಿಟ್ಟಿತ್ತು. ಹಾರೆ ಹಾಕಿ ಮೀಟಿದ. ರೋಜಾ ಸುತ್ತುವ ಪ್ಲಾಸ್ಟಿಕ್ ಮೈಗೆ ಸುತ್ತಿಕೊಂಡು ಮುನಿಯಲ್ಲಮ್ಮ ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇದ್ದರು. ತುಟಿ ನೇರಳೆ ಹಣ್ಣಿನ ಬಣ್ಣ. ಆಸ್ಪತ್ರೆಗೆ ಒಯ್ದರು, ಜೀವ ಉಳಿಯಿತು.

ಮಾರನೆಯ ದಿನ ವನಿತಾ ಅಂಗಡಿಯ ಮೂಲೆಯಲ್ಲಿದ್ದ ನೆಟ್‌ವರ್ಕ್ ಪೆಟ್ಟಿಗೆಯನ್ನು ನೋಡಿದಳು. ಅದಕ್ಕೆ ನಿಂಬೆಹಣ್ಣು ಕಟ್ಟಿತ್ತು. "ಮಾತು ಇದರಲ್ಲೇ ಎಲ್ಲೋ ನಿಲ್ತೈತೆ" ಎಂದಳು.

ಚಿಕ್ಕಬೈರಪ್ಪನವರು ನಂಬಲಿಲ್ಲ. "ಹಸಿರು ಲೈಟ್ ಐತಲ್ಲಮ್ಮಾ. ಲೈನ್ ಸರಿಯಾಗೇ ಐತೆ. ಇದು ನಮ್ಮವ್ವನ ಕೆಲ್ಸಾನೇ."

"ಲೈನ್ ಐತೆ ಅಪ್ಪಾರೆ. ಕೇಳಿ. ಈ ಪೆಟ್ಟಿಗೆ ಫೈರ್‌ವಾಲ್, ಅಂದ್ರೆ ಗೇಟು. ಇಲ್ಲೊಂದು, ಅಲ್ಲೊಂದು. ಎರಡರ ಮಧ್ಯೆ ಯಾರೂ ಇಣುಕದಂಗೆ ಒಂದು ದಾರಿ. ಅದೇ ವಿಪಿಎನ್. ಅಲ್ಲಿನ ಆಫೀಸ್ ನೆಟ್‌ವರ್ಕನ್ನ ಎರಡು ಗೇಟಿಗೂ ಹೇಳವ್ರೆ. ಆಮೇಲೆ ಕೋಲ್ಡ್ ರೂಮಿಗೆ ಅಂತ ಬೇರೆ ನೆಟ್‌ವರ್ಕ್ ಹಾಕ್ಸಿದ್ರಿ. ಅದನ್ನ ಯಾವ್ ಗೇಟಿಗೂ ಯಾರೂ ಹೇಳಿಲ್ಲ."

"ಮತ್ತೆ ಬೆಲ್ ಎಂಗ್ ಬಂತು?"

"ಬೆಲ್ ಹೊಡೆಯೋದು ಆಫೀಸಲ್ಲಿರೋ ಟೆಲಿಫೋನ್ ಪೆಟ್ಟಿಗೆ. ಅದನ್ನ ಗೇಟು ಬಿಡುತ್ತೆ. ಮಾತು ಮಾತ್ರ ಕೋಲ್ಡ್ ರೂಮಿಂದ ನೇರ ಬರ್ಬೇಕು. ಅದು ಗೇಟಲ್ಲೇ ನಿಂತೋಗುತ್ತೆ."

"ಅಂಗಾದ್ರೆ ಗೇಟು ಪೂರ್ತಿ ತೆಗ್ದಾಕಮ್ಮಾ, ಅತ್ಲಾಗೆ!"

"ಬೇಡ. ಕಳ್ಳರೂ ಬತ್ತಾರೆ. ಫೋನಿಗೆ, ಚಳಿ ಅಳೆಯೋ ಮೀಟರಿಗೆ, ಇಷ್ಟಕ್ಕೇ ಬಿಡೋಣ."

ವನಿತಾ ಯಲಹಂಕದ ಪೆಟ್ಟಿಗೆಯಲ್ಲಿ ಕೋಲ್ಡ್ ರೂಮಿನ ನೆಟ್‌ವರ್ಕ್ ಸೇರಿಸಿದಳು. ಅಶ್ವತ್ಥ್ ಒಳಗಿನಿಂದ ಫೋನ್ ಮಾಡಿದ. ಬೆಲ್ ಆಯಿತು. ಎತ್ತಿದರೆ ಅದೇ ಬಾವಿ.

"ನೋಡ್ದಾ? ಅವ್ವ ಬಿಡ್ತಾ ಇಲ್ಲ" ಎಂದರು ಚಿಕ್ಕಬೈರಪ್ಪ.

"ಒಂದು ಕಡೆ ಹೇಳಿದ್ರೆ ಆಗಲ್ಲ ಅಪ್ಪಾರೆ. ಆ ಗೇಟಿಗೂ ಹೇಳ್ಬೇಕು. ಹೋಗೋಕೂ ದಾರಿ ಬೇಕು, ವಾಪಸ್ ಬರೋಕೂ ದಾರಿ ಬೇಕು."

ಚಿಕ್ಕಬಾಣಾವರಕ್ಕೆ ಹೋಗಿ ಅಲ್ಲಿನ ಪೆಟ್ಟಿಗೆಗೂ ಅದನ್ನೇ ಹೇಳಿಕೊಟ್ಟಳು. ಮತ್ತೆ ಬೆಲ್. ಚಿಕ್ಕಬೈರಪ್ಪನವರು ಕಣ್ಣು ಮುಚ್ಚಿ ಎತ್ತಿದರು.

"ಅಪ್ಪಾ, ಚಳಿ ಕಣಪ್ಪೋ! ಕೇಳ್ತೈತಾ?" ಎಂದ ಅಶ್ವತ್ಥ್.

ಚಿಕ್ಕಬೈರಪ್ಪನವರು ಕಣ್ಣು ತೆರೆದರು. "ಕೇಳ್ತೈತೆ ಮಗಾ" ಎಂದರು. ಆಮೇಲೆ ತಾವೇ ನಿಂತು ಸಮಾಧಿ ಕಲ್ಲು ನೆಟ್ಟಗೆ ಮಾಡಿಸಿದರು. ಬಾಗಿಲಿಗೆ ಹೊಸ ಚಿಲಕ ಹಾಕಿಸಿದರು.

ಮುನಿಯಲ್ಲಮ್ಮ ಆಸ್ಪತ್ರೆಯಿಂದ ಬಂದವರೇ ಲಕ್ಷ್ಮಿದೇವಮ್ಮನ ಕೈ ಹಿಡಿದುಕೊಂಡರು.

"ನೀವು ಫೋನಲ್ಲಿ ಏಳ್ತಾನೇ ಇದ್ರಲ್ಲ ಅಕ್ಕಾ, ಅದ್ಕೇ ಉಳ್ಕಂಡೆ."

"ನಾನೇನೇ ಏಳ್ದೆ?"

"'ಕೂತ್ಕಬ್ಯಾಡ ಮಗಾ, ನಡೀತಾ ಇರು, ಬತ್ತಾವ್ರೆ' ಅಂತ. ಗಂಟ್ಲು ಮಾತ್ರ ಯಾಕೋ ವಯಸ್ಸಾದೋರ್ ತರ ಇತ್ತು."

ಲಕ್ಷ್ಮಿದೇವಮ್ಮ ವನಿತಾಳ ಮುಖ ನೋಡಿದರು. ವನಿತಾ ಇಲ್ಲವೆಂದು ನಿಧಾನಕ್ಕೆ ತಲೆಯಾಡಿಸಿದಳು. "ಅವತ್ತು ಆ ದಾರೀಲಿ ಒಂದು ಮಾತೂ ದಾಟಿಲ್ಲ ಅಕ್ಕಾ."

ಲಕ್ಷ್ಮಿದೇವಮ್ಮ ಎದ್ದು ಹೋಗಿ ಫೋನಿನ ಮುಂದೆ ಒಂದು ಒಬ್ಬಟ್ಟು ಇಟ್ಟರು.

ಅಣ್ಣಂದಿರೇ, ಅಕ್ಕಂದಿರೇ, ಅವರಿಗೇನೋ ಮಾರಕ್ಕ ಇದ್ದರು. ನಿಮ್ಮ ಗೋಡೆಯಾಚೆ ಯಾರಿದ್ದಾರೋ ನನಗೆ ಗೊತ್ತಿಲ್ಲ. ಅಂಗಡಿ ಒಂದೂರಲ್ಲಿ, ಗೋಡೌನ್ ಇನ್ನೊಂದೂರಲ್ಲಿ ಇಟ್ಟು ವಿಪಿಎನ್ ಹಾಕಿಸಿಕೊಂಡಿದ್ದೀರಾ? ಹೊಸ ಕೋಣೆ, ಹೊಸ ನೆಟ್‌ವರ್ಕ್ ಸೇರಿಸಿದ ದಿನವೇ ಎರಡೂ ಕಡೆಯ ಫೈರ್‌ವಾಲಿಗೆ ಹೇಳಿಸಿ. ಬೇಕಾದಷ್ಟನ್ನೇ ತೆರೆಸಿ. ಹಸಿರು ದೀಪ ನೋಡಿ ಮನೆಗೆ ಹೋಗಬೇಡಿ. ಆ ಕೋಣೆಯೊಳಗೆ ನಿಂತು ನೀವೇ ಒಂದು ಫೋನ್ ಮಾಡಿ. ಆ ಕಡೆಯಿಂದ ಬದುಕಿರುವವರ ದನಿ ಕೇಳಿಸಿದ ಮೇಲೇ ಬಾಗಿಲು ಹಾಕಿಕೊಂಡು ಬನ್ನಿ.