ಕಾರ್ಡಿನ ಮೇಲೊಂದು ಟವೆಲು

ಕೊನೆಯ ಪಟ್ಟಿ ಅಲುಗಾಡುತ್ತಲೇ ಇಲ್ಲವಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಉಳಿದವೆಲ್ಲ ಏರುತ್ತ ಇಳಿಯುತ್ತ ಕುಣಿಯುತ್ತಿವೆ, ಇದೊಂದು ಮಾತ್ರ ತೆಪ್ಪಗೆ ಬಿದ್ದಿದೆ — ಜಾಗ ಹಿಡಿದಿದೆ, ಕೆಲಸ ಸೊನ್ನೆ, ಯಾರದಪ್ಪಾ ಇದು ಎಂದು ಅವಳು ಬಗ್ಗಿ ನೋಡಿದಳು, ಗಡ್ಡದವರದು, ಇನ್ಯಾರದ್ದಿರುತ್ತೆ, ನದಿಯ ಪ್ರವಾಹದ ಲೆಕ್ಕ ಹಾಕುವ ದೊಡ್ಡ ಮನುಷ್ಯರು, ದೊಡ್ಡ ಲೆಕ್ಕ ಓಡಿಸುವ ಜಿಪಿಯು ಕಾರ್ಡಿನ ಅರ್ಧ ನುಂಗಿ ಕೂತಿದ್ದು ಸಾಲದು ಅಂತ ಇನ್ನೊಂದು ತುಂಡಿಗೂ ಖಾಲಿ ಜಾಬ್ ಹಾಕಿಟ್ಟಿದ್ದಾರೆ, ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದ ಹಾಗೆ. ಟವೆಲು — ಅಪ್ಪನ ನೀಲಿ ಗೀರಿನ ಟವೆಲು, ಬಸ್ಸು ಇನ್ನೂ ನಿಂತಿರುತ್ತಿರಲಿಲ್ಲ, ಅಪ್ಪ ಪಕ್ಕದಲ್ಲೇ ಓಡಿ ಕಿಟಕಿಯೊಳಗೆ ಎಸೆದುಬಿಡುತ್ತಿದ್ದ, ಆಮೇಲೆ ಆ ನೂಕುನುಗ್ಗಲಿನಲ್ಲಿ ತಿರುಗಿ ಅವಳನ್ನು ಹುಡುಕುತ್ತಿದ್ದ, ಬಾರೇ, ಜಾಗ ಇದೆ — ಆ ದನಿ, ಗಂಟಲಿನ ಆಪರೇಷನ್ ಮಾಡಿದ ಡಾಕ್ಟರು ಜೀವ ಉಳಿಸಿ ಕೊಟ್ಟರು, ದನಿ ಉಳಿಸಲಾಗಲಿಲ್ಲ, ಪುಣ್ಯಾತ್ಮರು, ಜೀವ ಉಳಿಯಿತಲ್ಲ ಅಷ್ಟೇ ಸಾಕು ಅಂದುಕೊಂಡಿದ್ದಳು, ಸಾಕಾಗಿರಲಿಲ್ಲ. ಈಗ ಅಪ್ಪ ಪಕ್ಕದ ಕೋಣೆಯಲ್ಲೇ ಕೂತಿದ್ದಾನೆ, ಟೈಪ್ ಮಾಡಿದ್ದನ್ನು ಅವನದೇ ಹಳೆಯ ದನಿಯಲ್ಲಿ ನುಡಿಸುತ್ತೇನೆ ಅನ್ನುವ ಹುಡುಗಿಯ ಎದುರು, ಯಂತ್ರದ ಗಂಟಲು ನನಗೆ ಬೇಡ ಎಂದು ಸ್ಲೇಟಿನ ಮೇಲೆ ಬರೆದು ಬರೆದು ಹಟ ಹಿಡಿದವನು, ಇವತ್ತೊಂದು ದಿನ ಬರ್ತೀನಿ, ಆಗದಿದ್ರೆ ಮತ್ತೆ ಕರೀಬೇಡ ಎಂದು ಬರೆದೇ ಹೊರಟು ಬಂದಿದ್ದಾನೆ.

ಹಳೆಯ ದನಿ ಎಲ್ಲಿತ್ತು ಅಂದರೆ ಅಮ್ಮ ಗುಜರಿ ಎಂದು ಬೈಯುತ್ತಿದ್ದ ಪೆಟ್ಟಿಗೆಯಲ್ಲಿತ್ತು, ಅಪ್ಪ ಟೇಪ್‌ರೆಕಾರ್ಡರ್ ರಿಪೇರಿಯವನು, ರಿಪೇರಿಯಾದ ಪ್ರತಿಯೊಂದಕ್ಕೂ ಒಂದು ಹಳೆ ಕ್ಯಾಸೆಟ್ ತುರುಕಿ, ಹಲೋ ಹಲೋ, ಕೇಳಿಸ್ತಿದೆಯಾ, ಇವತ್ತು ಬಿಸಿಲು ಜೋರು, ನಮ್ಮ ಮಗಳು ಊಟ ಬೇಡ ಅಂತ ಕೂತವಳೆ ಎಂದು ಬಾಯಿಗೆ ಬಂದದ್ದು ಮಾತಾಡಿ, ತಾನೇ ಕೇಳಿ, ತಲೆದೂಗಿ ಕ್ಯಾಸೆಟ್ಟನ್ನು ಪೆಟ್ಟಿಗೆಗೆ ಹಾಕಿ ಯಂತ್ರ ಗಿರಾಕಿಗೆ ಕೊಡುತ್ತಿದ್ದ, ಅಮ್ಮ ಬೈದಳೇ ಹೊರತು ಎಸೆಯಲಿಲ್ಲ, ಅವಳ ಹೊಟ್ಟೆ ತಣ್ಣಗಿರಲಿ, ಆ ಕ್ಯಾಸೆಟ್ಟುಗಳನ್ನೇ ಹುಡುಗಿ ಯಂತ್ರಕ್ಕೆ ಕಲಿಸಿದ್ದಾಳೆ, ಇನ್ನು ನುಡಿಸಲು ಕಾರ್ಡಿನಲ್ಲಿ ಒಂದು ತುಂಡು ಜಾಗ ಬೇಕು, ಅಷ್ಟೇ. ಅಷ್ಟೇ ಅಂದರೆ ಸುಲಭವೇ, ಇಡೀ ಸಂಸ್ಥೆಗೆ ಇರುವುದೊಂದು ಕಾರ್ಡು, ಅದನ್ನು ತುಂಡು ಮಾಡಿ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಾಗದ ಹಾಗೆ ಹಂಚುವುದು ಅವಳ ಕೆಲಸ, ಬೆನ್ನ ಹಿಂದೆ ಎಲ್ಲರೂ ಕತ್ತರಿ ಮೇಡಂ ಅನ್ನುತ್ತಾರೆ, ಅನ್ನಲಿ, ಅಪ್ಪನದಾದರೂ ಸರದಿಯಲ್ಲೇ ಬರಲಿ, ಖಾಲಿ ಜಾಬ್ ಯಾರದ್ದಾದರೂ ಕೇಳದೆ ಕಿತ್ತು ಹಾಕುತ್ತೇನೆ — ರೂಲ್ಸು ಮಾಡಿದವಳು ತಾನೇ ಅಲ್ಲವೇ, ಗಡ್ಡದವರಿಗೆ ಎಷ್ಟು ಸಲ ಹೇಳಿಲ್ಲ, ಹೇಳಿದ್ದು ಗಡ್ಡದೊಳಗೇ ಸಿಕ್ಕಿಕೊಳ್ಳುತ್ತದೆ, ಕಿವಿಗೆ ಹೋಗುವುದಿಲ್ಲ. ಕಿತ್ತೇಬಿಟ್ಟಳು. ಒಂದು ಗುಂಡಿ, ಪಟ್ಟಿ ಮಾಯ, ಹಾಯ್ ಎನಿಸಿತು, ಕಣ್ಣು ಮಿಟುಕಿಸುವುದರೊಳಗೆ ಸರದಿಯಲ್ಲಿದ್ದ ಸಸ್ಯವಿಭಾಗದವರ ಎಲೆಗಳ ಫೋಟೋ ರಾಶಿ ಬಂದು ಅಲ್ಲಿ ಕೂತಿತು.

ಅಕ್ಕಾ, ನಮ್ಮ ತುಂಡು ಎಲ್ಲೋಯ್ತು — ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ, ಯಾವ ತುಂಡೇ, ಅದೇ ಅಕ್ಕಾ, ಗಡ್ಡದ ಸಾರ್ ಬೆಳಿಗ್ಗೆಯಿಂದ ಹಿಡಿದಿಟ್ಟಿದ್ರಲ್ಲ, ನಿಮ್ಮಪ್ಪ ಬರ್ತಾರೆ ಅಂತ ನಾನೇ ಹೇಳ್ದೆ, ಅದರೊಳಗೇ ಓಡಿಸ್ಕೋ ಅಂದಿದ್ರು. ಅಪ್ಪನಿಗೆ ಹಿಡಿದ ಸೀಟಿನಿಂದ ಟವೆಲು ಎತ್ತಿ ಬಿಸಾಕಿದವಳು ತಾನು, ಇನ್ನು ಎಲೆಗಳು ಮುಗಿಯುವುದು ಸಂಜೆಗೆ, ಅಷ್ಟರೊಳಗೆ ಅಪ್ಪ ಸ್ಲೇಟು ಕಂಕುಳಲ್ಲಿ ಇಟ್ಟುಕೊಂಡು ಎದ್ದಿರುತ್ತಾನೆ. ಗಡ್ಡದವರು ಬಂದೇಬಿಟ್ಟರು, ಕೈಯಲ್ಲಿ ಟೀ ಲೋಟ, ಬೈಯಲಿ, ಬೈದರೇ ವಾಸಿ, ಬೈಯಲಿಲ್ಲ, ನನಗೊಂದು ಮಾತು ಹೇಳಬಾರದಿತ್ತಾ ಸಾರ್ ಎಂದಳು ಅವಳೇ, ಹೇಳಿದ್ರೆ ಬಿಡ್ತಿದ್ರೇನ್ರೀ, ರೂಲ್ಸು ಅಂತಿದ್ರಿ, ಹೌದು, ಅನ್ನುತ್ತಿದ್ದಳು, ಹೋಗ್ಲಿ ಬಿಡಿ, ನನ್ನ ಅರ್ಧದಲ್ಲೇ ಕೊಯ್ದುಕೊಳ್ಳಿ. ಅವರ ಅರ್ಧ, ಅಲ್ಲಿ ಪ್ರವಾಹ ಓಡುತ್ತಿದೆ, ವಾರಗಟ್ಟಲೆಯ ಲೆಕ್ಕ, ನಿಂತರೆ ಮೊದಲಿನಿಂದ ಶುರು, ಹಿಂದೆಲ್ಲ ತುಂಡಿನ ಅಳತೆ ಬದಲಿಸಬೇಕೆಂದರೆ ಕಾರ್ಡಿನ ಮೇಲಿನ ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸಬೇಕಿತ್ತು, ಈಗ ಹೊಸ ಏರ್ಪಾಡು ಬಂದಿದೆ, ಕೆಲಸ ನಡೆಯುತ್ತಿರುವಾಗಲೇ ಒಬ್ಬರನ್ನು ಸ್ವಲ್ಪ ಸರಿಸಿ ಇನ್ನೊಬ್ಬರನ್ನು ಕೂರಿಸಬಹುದು, ಸರಿಯುವವರು ಒಪ್ಪಬೇಕು ಅಷ್ಟೇ, ಯಾರೂ ಒಪ್ಪಿರಲಿಲ್ಲ, ನನ್ನ ಜಾಬ್ ಮೇಲೆ ನಿಮ್ಮ ಪ್ರಯೋಗ ಬೇಡ ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿದವರೇ ಇವರು. ಸಾರ್, ನಿಂತುಹೋದ್ರೆ? ನಿಂತ್ರೆ ಮತ್ತೆ ಓಡಿಸ್ತೀನಿ, ನಿಮ್ಮಪ್ಪ ಮತ್ತೆ ಬರ್ತಾರೇನ್ರೀ — ಎಂದು ಲೋಟ ಕೆಳಗಿಟ್ಟು ತಾವೇ ಒಪ್ಪಿಗೆ ಒತ್ತಿದರು.

ಅವಳು ಗುಂಡಿ ಒತ್ತಿದಳು, ಗಡ್ಡದವರ ಪಟ್ಟಿ ಸೊರಗಿತು, ಇನ್ನೂ ಸೊರಗಿತು, ದೇವರೇ ನಿಲ್ಲದಿರಲಿ, ನಿಲ್ಲಲಿಲ್ಲ, ಏರುತ್ತ ಇಳಿಯುತ್ತ ಹೋಗುತ್ತಲೇ ಇದೆ, ಎಲೆಗಳು ಎಲೆಗಳ ಪಾಡಿಗೆ, ಪಕ್ಕದಲ್ಲೊಂದು ತೆಳ್ಳನೆಯ ಹೊಸ ಪಟ್ಟಿ, ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು, ಎಂಥ ಮನುಷ್ಯರನ್ನು ಎಷ್ಟು ವರ್ಷ ಏನೆಂದುಕೊಂಡಿದ್ದೆನಪ್ಪಾ, ಥ್ಯಾಂಕ್ಸ್ ಎಂದಳು, ಸಾಲದು ಅನ್ನಿಸಿ ಮತ್ತೆ ಥ್ಯಾಂಕ್ಸ್ ಸಾರ್ ಎಂದಳು, ನಡೀರಿ ನಡೀರಿ, ಟೀ ಆರಿಹೋಗುತ್ತೆ ನಂದು. ಪಕ್ಕದ ಕೋಣೆಯಲ್ಲಿ ಅಪ್ಪ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದಾನೆ, ಹುಬ್ಬು ಗಂಟು, ಹುಡುಗಿ ಸ್ಪೀಕರಿನ ದನಿ ಏರಿಸುತ್ತಿದ್ದಾಳೆ, ಹಲೋ ಹಲೋ ಅನ್ನುತ್ತಾನೆ, ಇನ್ನೇನು ಅಂದಾನು, ಗೋಡೆಗೊರಗಿ ನಿಂತಳು, ಬೆರಳು ನಿಂತಿತು, ಅಪ್ಪ ತಲೆಯೆತ್ತಿ ಕೋಣೆಯಲ್ಲೆಲ್ಲ ಹುಡುಕಿ ಅವಳನ್ನು ನೋಡಿದ, ಆಮೇಲೆ ಮೇಜಿನ ಮೇಲಿನ ಸ್ಪೀಕರಿನಿಂದ, ಸ್ವಲ್ಪ ಕ್ಯಾಸೆಟ್ಟಿನ ಗೊರಗೊರ ಸಮೇತ, ಯಾಕೆ ನಿಂತೇ ಇದೀಯ, ಬಾರೇ, ಜಾಗ ಇದೆ — ಅದೇ, ಅದೇ ದನಿ, ಪಕ್ಕದ ಕುರ್ಚಿಯ ಮೇಲೆ ಅವನದೇ, ಬೆವರು ಒರೆಸಿ ಹಾಕಿದ್ದು, ಅವಳು ಬರುವವರೆಗೆ ಯಾರೂ ಕೂರದಿರಲಿ ಅಂತ, ನೀಲಿ ಗೀರು, ಟವೆಲು, ಅಪ್ಪ ಅದನ್ನು ಎತ್ತಿಕೊಳ್ಳುತ್ತಿದ್ದಾನೆ, ಟವೆಲು —