ಕಾಲು ಮುಂದಾಗಿ ಹುಟ್ಟಿದವಳು

ಗುಡ್ಡಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ತುಳಿದರೆ ಎಂಥ ಉಳುಕಾದರೂ ಬಿಡುತ್ತದೆಂದು ನಮ್ಮ ಸೊರಬದ ಕಡೆ ಗಟ್ಟಿ ನಂಬಿಕೆ. ಹೀಗಾಗಿ ಬೆಳಗಾದರೆ ಹನುಮಂತಪ್ಪನ ಅಂಗಳದಲ್ಲಿ ಯಾರಾದರೊಬ್ಬರು ಬೋರಲು ಮಲಗಿರುತ್ತಿದ್ದರು. ಸೊಸೆ ಗುಡ್ಡಮ್ಮ ರೊಟ್ಟಿ ತಟ್ಟುತ್ತಿದ್ದ ಕೈ ತೊಳೆದು ಬಂದು, ನೋವಿದ್ದ ಕಡೆ ಎಡಗಾಲಿಂದ ಮೂರು ಸಲ ತುಳಿದು, ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು. ಉಳುಕು ಹೇಗೂ ನಾಲ್ಕು ದಿನಕ್ಕೆ ತಾನೇ ಹೋಗುವಂಥದು. ಹೆಸರು ಮಾತ್ರ ಗುಡ್ಡಮ್ಮನ ಕಾಲಿಗೆ! ಅತ್ತೆ ವರದಮ್ಮನ ಹೆಮ್ಮೆಯನ್ನಂತೂ ಕೇಳುವುದೇ ಬೇಡ. "ನಮ್ಮ ಸೊಸೆ ಇರೋವಾಗ ಡಾಕ್ಟರಿಗೆ ಎಂಥ ಕೆಲಸ?" ಎನ್ನುತ್ತಿದ್ದಳು.

ಐವತ್ತಾರರ ಬೇಸಗೆಯಲ್ಲಿ ಓಣಿಯಾಚೆಯ ರಾಜಪ್ಪ ಹಲಸಿನ ಮರದಿಂದ ಬಿದ್ದ. ಸೊಂಟ ಹಿಡಿದುಕೊಂಡು ನಡೆದೇ ಬಂದ, ಮಲಗಿದ, ತುಳಿಸಿಕೊಂಡ. ವಾಪಸು ಹೋಗುವಾಗ ನಾಲ್ಕು ಜನ ಹೊತ್ತುಕೊಂಡು ಹೋಗಬೇಕಾಯಿತು. ಅವತ್ತಿನಿಂದ ಅವನ ಎರಡು ಕಾಲಿಗೂ ಜೀವವಿಲ್ಲ. ಮರದಿಂದ ಬಿದ್ದದ್ದಲ್ಲವೇ, ಹಣೆಬರಹ ಎಂದು ಊರು ಸುಮ್ಮನಾಯಿತು.

ಗುಡ್ಡಮ್ಮ ಮಾತ್ರ ಸುಮ್ಮನಾಗಲಿಲ್ಲ. ಹಿಮ್ಮಡಿಯ ಕೆಳಗೆ ಅವತ್ತು ಲಟಕ್ಕೆಂದದ್ದು ಅವಳೊಬ್ಬಳಿಗೇ ಗೊತ್ತು. ಸೊರಬದ ಸಂತೆಗೆ ಹೋದಾಗ ಯಾರಿಗೂ ಹೇಳದೆ ಡಾಕ್ಟರ ಬಳಿ ಹೋಗಿ ಕೇಳಿಯೇಬಿಟ್ಟಳು.

"ನಿನ್ನ ಕೈಬಳೆ ನೋಡಮ್ಮ," ಎಂದರು ಡಾಕ್ಟರು. "ಬೆನ್ನುಮೂಳೆ ಒಂದೇ ಕೋಲಲ್ಲ. ಹೀಗೇ ಬಳೆ ಬಳೆಯಾಗಿ ಒಂದರ ಮೇಲೊಂದು ಕೂತಿರುತ್ತದೆ. ಒಳಗೆ ನಿನ್ನ ಕೈ ಇದೆಯಲ್ಲ, ಹಾಗೆ ಅದರೊಳಗೆ ನರದ ಹುರಿ ಇದೆ. ಕಾಲಿಗೆ ಜೀವ ಬರೋದು ಅದರಿಂದ. ಬಳೆ ಬಿರುಕು ಬಿಟ್ಟಾಗ ಮೇಲಿಂದ ಒತ್ತಿದರೆ?"

"ಚೂರು ಕೈಗೆ ಚುಚ್ಚುತ್ತದೆ," ಎಂದಳು ಗುಡ್ಡಮ್ಮ.

"ಮಾಂಸ ಹಿಡಿದುಕೊಂಡ ನೋವಿಗೆ ಬಿಸಿನೀರಿನ ಶಾಖ, ವಿಶ್ರಾಂತಿ ಸಾಕು. ಬಿದ್ದವರನ್ನು ಮಾತ್ರ ಕೂರಿಸಬೇಡಿ, ತಿರುಗಿಸಬೇಡಿ. ಹಲಗೆ ಮೇಲೆ ನೆಟ್ಟಗೆ ಮಲಗಿಸಿ ತನ್ನಿ."

ಆಮೇಲೆ ಎರಡು ವರ್ಷ ಅವಳು ಮುಳ್ಳು ಚುಚ್ಚಿದೆ, ಕಾಲು ಬಾತಿದೆ ಎಂದು ನೆಪ ಹೇಳಿ ತಪ್ಪಿಸಿಕೊಂಡಳು. ನಿಜ ಹೇಳಲು ಧೈರ್ಯ ಬರಲಿಲ್ಲ. ಹೇಗೆ ಬಂದೀತು ಹೇಳಿ? ರಾಜಪ್ಪನ ಹೆಂಡತಿ ನಿಂಗಮ್ಮ ದಿನಾ ನೀರಿನ ದಾರಿಯಲ್ಲಿ ಎದುರಾಗುತ್ತಿದ್ದಳು.

ಸುಗ್ಗಿ ಮುಗಿದ ಮೇಲೊಂದು ಬೆಳಿಗ್ಗೆ, ಹುಲ್ಲಿನ ಬಣವೆ ಒಟ್ಟುತ್ತಿದ್ದ ಮಾವ ಹನುಮಂತಪ್ಪ ಮೇಲಿಂದ ಜಾರಿ ಬಿದ್ದ. ಕೇರಿಯೇ ಓಡಿಬಂತು.

"ಬೋರಲು ಹಾಕ್ರೋ! ಗುಡ್ಡಮ್ಮಾ, ಬಾರೇ ಬೇಗ, ತುಳಿ!" ಎಂದು ವರದಮ್ಮ ಕೂಗಿದಳು.

"ಯಾರೂ ಅಲುಗಿಸಬ್ಯಾಡಿ. ನಾ ತುಳಿಯೋಲ್ಲ ಅತ್ತೆ. ಕೊಟ್ಟಿಗೆ ಬಾಗಿಲು ಕಿತ್ತು ತನ್ನಿ, ಅದರ ಮೇಲೆ ಮಲಗಿಸಿ ಸೊರಬಕ್ಕೆ ಒಯ್ಯಾಣ."

"ಅಯ್ಯೋ ಮಾರಾಯ್ತಿ! ಊರವರಿಗೆಲ್ಲ ತುಳಿದೋಳು, ಮನೆ ಹಿರಿಯನಿಗೆ ಒಲ್ಲೆ ಅಂತೀಯಲ್ಲೇ! ಎಂಥ ಸೊಕ್ಕು ನಿಂದು! ನಮ್ಮಜ್ಜಿ ಕಾಲದಿಂದ ನಡೆದದ್ದು ಸುಳ್ಳಾ?"

"ಅಮ್ಮ ಹೇಳಿದಷ್ಟು ಮಾಡು," ಎಂದು ಗಂಡ ಸುಬ್ಬಪ್ಪನೂ ಗದರಿದ.

ಗುಡ್ಡಮ್ಮ ಮಾವನ ಪಕ್ಕ ಕೂತಳು. "ಮಾವ, ಕಾಲಿನ ಬೆರಳು ಆಡಿಸಿ ನೋಡಾಣ."

ನೋವಿಗೆ ಹಲ್ಲು ಕಚ್ಚಿದ್ದ ಹನುಮಂತಪ್ಪ ಬೆರಳು ಆಡಿಸಿದ.

"ಆಡ್ತವೆ, ನೋಡಿದ್ರಾ ಅತ್ತೆ? ರಾಜಪ್ಪಣ್ಣಂದೂ ಅವತ್ತು ಆಡ್ತಿದ್ವು. ನಾನು ತುಳಿಯೋ ತನಕ."

ಗುಂಪಿನಲ್ಲಿ ನಿಂಗಮ್ಮ ನಿಂತಿದ್ದಳು. ಗುಡ್ಡಮ್ಮ ಅವಳ ಕಡೆ ತಿರುಗಿ, "ಮರ ಅಲ್ಲ ಅಕ್ಕ, ನನ್ನ ಕಾಲು," ಎಂದು ಅತ್ತುಬಿಟ್ಟಳು.

ನಿಂಗಮ್ಮನ ಮುಖ ಕಪ್ಪಿಟ್ಟಿತು. ಆಮೇಲೆ ಅವಳು ಸುಬ್ಬಪ್ಪನ ಮೇಲೆ ಹರಿಹಾಯ್ದಳು: "ಬಾಗಿಲು ಕೇಳ್ತಿದಾಳೆ, ಕಿವಿ ಕೇಳಲ್ವೇನೋ ನಿಂಗೆ? ನನ್ನ ಮನೇಲಿ ಆದದ್ದು ಸಾಕು!" ಬಾಗಿಲು ಬಂದಾಗ ಒಂದು ತುದಿ ಹಿಡಿದವಳು ಅವಳೇ.

ಹನುಮಂತಪ್ಪನ ಮೂಳೆ ಬಿರುಕು ಬಿಟ್ಟಿತ್ತು, ಹುರಿ ಉಳಿದಿತ್ತು. ಶಿವಮೊಗ್ಗದಲ್ಲಿ ಪ್ಲಾಸ್ಟರ್ ಹಾಕಿ ಮೂರು ತಿಂಗಳು ಮಲಗಿಸಿದರು. ಈಗ ಯಾರಾದರೂ ತುಳಿಸಿಕೊಳ್ಳಲು ಬಂದರೆ ವರದಮ್ಮನೇ ಅಡ್ಡ ನಿಂತು ಬೈದು ಕಳಿಸುತ್ತಾಳೆ. ಅತ್ತೆಯ ಬಾಯಿಯೂ ಒಂದು ಒಳ್ಳೆಯ ಕೆಲಸಕ್ಕೆ ಬಂತು ನೋಡಿ!

ಊರಿಗೆ ಮರಳಿದ ಹನುಮಂತಪ್ಪ ಮೊದಲು ಹೋದದ್ದು ರಾಜಪ್ಪನ ಮನೆಗೆ, ಸೊಸೆಯನ್ನು ಕರೆದುಕೊಂಡು. ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದ ರಾಜಪ್ಪ ಅವನ ಕಾಲುಗಳನ್ನೇ ನೋಡಿದ. ಗುಡ್ಡಮ್ಮ ತಲೆ ತಗ್ಗಿಸಿ ನಿಂತಿದ್ದಳು.

"ತಲೆ ಎತ್ತು ತಂಗಿ," ಎಂದ ರಾಜಪ್ಪ. ಆಮೇಲೆ ಹನುಮಂತಪ್ಪನಿಗೆ, "ದೊಡ್ಡಪ್ಪ, ಆ ಬೇಲಿ ತನಕ ಇನ್ನೊಂದ್ಸಲ ನಡೀರಿ. ನಾ ನೋಡ್ಬೇಕು," ಎಂದ.

ಹನುಮಂತಪ್ಪ ನಡೆದ.