ಹಕಾರ ಯಾರದು?

ಆ ಹಾಡನ್ನು ಹಾಡಿದವಳು ಟ್ರ್ಯಾಕ್ ಹಾಡುವ ಹೆಂಗಸು. ಕ್ಯಾಸೆಟ್ಟಿನ ಮೇಲೆ ಅಚ್ಚಾದದ್ದು ದೊಡ್ಡ ಗಾಯಕಿಯ ಹೆಸರು.

ಟ್ರ್ಯಾಕ್ ಎಂದರೆ ಮಾದರಿ ಹಾಡು. ದೊಡ್ಡವರು ಬಂದು, ಕೇಳಿ ಕಲಿತು, ತಮ್ಮ ಧ್ವನಿ ಕೂರಿಸುವವರೆಗೆ ಯಾರೋ ಒಬ್ಬರು ಹಾಡಿಟ್ಟಿರಬೇಕು. ಆಮೇಲೆ ಅದನ್ನು ಅಳಿಸುತ್ತಾರೆ. ಆ ಸಲ ದೊಡ್ಡ ಗಾಯಕಿ ಬರಲೇ ಇಲ್ಲ. ಕಂಪನಿಗೆ ಅವಸರ. ಟ್ರ್ಯಾಕನ್ನು ಉಳಿಸಿಕೊಂಡು, ಹಾಡಿದವಳನ್ನು ಅಳಿಸಿದರು.

ಹಾಡಿನ ಮೊದಲ ಪದ ‘ಒಲವೇ’. ಅವಳು ‘ಹೊಲವೇ’ ಎಂದು ಹಾಡಿದ್ದಳು. ಅವಳ ಓಣಿಯಲ್ಲಿ ಎಲ್ಲರೂ ಹಕಾರ ನುಂಗಿಯೇ ಮಾತಾಡುವವರು. ಮೈಕಿನ ಮುಂದೆ ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಹೆದರಿಕೆಗೆ, ಬೇಡದ ಕಡೆಗೂ ಒಂದನ್ನು ತಂದು ಹಾಕಿಬಿಡುತ್ತಿದ್ದಳು. ಗಾಜಿನಾಚೆಯಿಂದ ಸಂಗೀತ ನಿರ್ದೇಶಕ, “ಏನಮ್ಮ, ಪ್ರೀತಿ ಮಾಡ್ತಿದೀಯೋ, ಉಳುಮೆ ಮಾಡ್ತಿದೀಯೋ?” ಎಂದ. ವಾದ್ಯದವರೆಲ್ಲ ಬಿದ್ದು ಬಿದ್ದು ನಕ್ಕರು. ‘ಹೊಲದಮ್ಮ’ ಎಂಬ ಹೆಸರು ಅವತ್ತು ಅಂಟಿದ್ದು. ಟ್ರ್ಯಾಕ್ ತಾನೆ, ಇರಲಿ ಎಂದು ತಿದ್ದದೆ ಬಿಟ್ಟರು.

ಹಾಡು ಮನೆಮಾತಾಯಿತು. ಉಚ್ಚಾರ ಶುದ್ಧವಿಲ್ಲವೆಂದು ಹೊಲದಮ್ಮನನ್ನು ಸ್ಟುಡಿಯೋ ಮತ್ತೆ ಕರೆಯಲಿಲ್ಲ. ಅದೇ ಹಕಾರಕ್ಕೆ ಪತ್ರಿಕೆಯವರು ‘ಪ್ರೇಮದ ನಿಟ್ಟುಸಿರು’ ಎಂದು ಹೆಸರಿಟ್ಟರು. ಅವಳ ಬಾಯಲ್ಲಿದ್ದಾಗ ಕೊಳಕು. ಹೆಸರಿದ್ದವಳ ಲೆಕ್ಕಕ್ಕೆ ಹೋದ ಕೂಡಲೇ ಅಲಂಕಾರ. ಕದ್ದ ಮಾಲನ್ನು ತೊಳೆದು ಅಂಗಡಿಯಲ್ಲಿಡುವುದು ಹೀಗೆ.

ಅಕ್ಕ ತೀರಿಕೊಂಡಾಗ ಅವಳ ಮಗಳನ್ನು ಸಾಕಿದ್ದು ಹೊಲದಮ್ಮನೇ. ಗಾರ್ಮೆಂಟಿನಿಂದ ತಂದ ಶರ್ಟುಗಳಿಗೆ ಗುಂಡಿ ಹಚ್ಚುತ್ತ, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ‘ಹತ್ತು, ಅತ್ತು, ಹರಿ, ಅರಿ’ ಎಂದು ಹೇಳಿಸುವಳು. ತಪ್ಪಿದರೆ ಅಳತೆಯ ಟೇಪಿನಿಂದ ಮೊಣಕಾಲಿಗೆ ಒಂದೇಟು. ಆ ಹುಡುಗಿ ಈಗ ರೇಡಿಯೋದಲ್ಲಿ ನಿರೂಪಕಿ. ದಿನಾ ಬೆಳಿಗ್ಗೆ ಆ ಕ್ಯಾಸೆಟ್ ಕಾಲದ ಪ್ರೇಮಗೀತೆಗಳ ಕ್ವಿಜ್ ನಡೆಸುತ್ತಾಳೆ. ಯಾವ ಹಾಡನ್ನು ಕವಿ ಮದುವೆ ಮುರಿದ ವಾರ ಬರೆದ, ಯಾವ ಹಾಡಿನ ಸಿಳ್ಳೆ ಸ್ಟುಡಿಯೋದ ಕಾವಲುಗಾರನದು, ಇಂಥವು.

ದೊಡ್ಡ ಗಾಯಕಿ ಸತ್ತ ಸುದ್ದಿ ಬಂದ ಸಂಜೆ, ಹೊಲದಮ್ಮ ಕಿಟಕಿಯ ಪಕ್ಕ ಶರ್ಟಿನ ಗುಂಡಿಗೆ ಕಾಜಾ ಹೊಲಿಯುತ್ತಿದ್ದಳು.

“ನಾಳೆ ಪೂರ್ತಿ ಅವರ ಹಾಡುಗಳೇ ಚಿಕ್ಕಮ್ಮ. ಕೊನೇ ಪ್ರಶ್ನೆ, ‘ಒಲವೇ’ಗೆ ಹಕಾರ ಯಾಕೆ ಬಂತು ಅಂತ.”

“ಉತ್ತರ ಏನಂತೆ?”

“ನಿಟ್ಟುಸಿರು ಅಂತ.”

ಗಂಟಲಿನ ಆಪರೇಷನ್ ಆದಮೇಲೆ ಹೊಲದಮ್ಮನಿಗೆ ಉಳಿದದ್ದು ಪಿಸುಮಾತು. ನಕ್ಕರೆ ತೂತು ಬಿದ್ದ ಟ್ಯೂಬಿನ ಸದ್ದು.

“ನಿಟ್ಟುಸಿರಂತೆ! ಭಯಕ್ಕೆ ಬಾಯೆಲ್ಲ ಒಣಗಿತ್ತು ಕಣೆ ನಂಗೆ. ಯಾರ ಪ್ರೇಮ, ಯಾರ ಉಸಿರು?”

“ಹಾಡೇ ನಿಂದು ಅಂತ ಹೇಳ್ಬಿಡ್ಲಾ?”

“ಯಾರು ನಂಬ್ತಾರೆ? ಹಾಡು ಅವಳ ಜೊತೆನೇ ಹೋಗ್ಲಿ. ತಪ್ಪು ಮಾತ್ರ ನಂದು. ನಗಿಸ್ಕೊಂಡಿದ್ದು ನಾನು, ಕೆಲಸ ಕಳ್ಕೊಂಡಿದ್ದು ನಾನು. ನಿನ್ನ ಬಾಯಿಂದ ಅದನ್ನೂ ಅವಳಿಗೆ ಕೊಡ್ಬೇಡ.”

ಹೇಳಿ, ದಾರವನ್ನು ಹಲ್ಲಿನಲ್ಲಿ ಕಡಿದಳು.

ಬೆಳಿಗ್ಗೆ ನಿರೂಪಕಿ ಕಾರ್ಯಕ್ರಮದ ಮುಖ್ಯಸ್ಥನ ಮೇಜಿನ ಮುಂದೆ ನಿಂತಳು.

“ಕೊನೇ ಪ್ರಶ್ನೆ ತೆಗೀರಿ ಸಾರ್. ಉತ್ತರ ಸುಳ್ಳು. ಅದನ್ನ ಹಾಡಿದ್ದು ನಮ್ಮ ಚಿಕ್ಕಮ್ಮ.”

“ನಮ್ಮತ್ತೆನೂ ಹಂಗೇ ಅಂತಾರೆ, ಟೀವಿ ಸೀರಿಯಲ್ಲೆಲ್ಲ ಅವರ ಕತೆನೇ ಕದ್ದಿದ್ದಂತೆ.” ತನ್ನ ಮಾತಿಗೆ ತಾನೇ ನಕ್ಕ. “ಪುರಾವೆ ಇದ್ಯಾ?”

“ಅವಳ ಹೆಸರೇ ಅಳಿಸಿದಾರಲ್ಲ ಸಾರ್.”

“ಹಂಗಾದ್ರೆ ಓದು. ಜನ ಶ್ರದ್ಧಾಂಜಲಿ ಕೇಳೋಕೆ ಕೂತಿರ್ತಾರೆ, ತಿದ್ದುಪಡಿಗಲ್ಲ. ಓದಲ್ಲ ಅಂದ್ರೆ ಆ ಕುರ್ಚಿಗೆ ಕಾಯೋರು ಬಹಳ ಜನ ಇದಾರೆ.”

ಮೆತ್ತೆ ಹೊದಿಸಿದ ಗೋಡೆಗಳ ಆ ಪುಟ್ಟ ಕೋಣೆಯಲ್ಲಿ ಅವಳು ಹೆಡ್‌ಫೋನ್ ಹಾಕಿಕೊಂಡಳು. ಹಾಡುಗಳು, ಕರೆಗಳು, ಬಿಕ್ಕಳಿಕೆಗಳು. ಕೊನೆಗೆ ಆ ಪ್ರಶ್ನೆಯನ್ನು ಓದಿದಳು. ಕರೆ ಮಾಡಿದವಳು ವಯಸ್ಸಾದ ಹೆಂಗಸು.

“ನಿಟ್ಟುಸಿರು ಅಲ್ವಾ ಮೇಡಂ? ನಮ್ಮ ಯಜಮಾನ್ರು ಆ ಹಕಾರ ಬಂದಾಗ್ಲೆಲ್ಲ ನನ್ನ ಕೈ ಒತ್ತೋರು. ಈಗ ಅವರಿಲ್ಲ ಬಿಡಿ.”

“ಸೂಪರ್!” ಗಾಜಿನಾಚೆಯಿಂದ ಮುಖ್ಯಸ್ಥನ ದನಿ ಅವಳ ಕಿವಿಯಲ್ಲಿ. “ಸರಿ ಉತ್ತರ ಅನ್ನು. ಚಪ್ಪಾಳೆ ಹಾಕ್ತೀನಿ.”

ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ಅಪರಾಧವಿಲ್ಲ. ಹಾಡನ್ನು ದೊಡ್ಡ ಗಾಯಕಿಗೇ ಬಿಟ್ಟು, ತಪ್ಪನ್ನಷ್ಟೇ ಬಿಡಿಸಿ ಚಿಕ್ಕಮ್ಮನ ಕೈಗೆ ಕೊಡುವ ಉಪಾಯ ಅವಳಿಗೆ ಹೊಳೆಯಲಿಲ್ಲ.

“ತಪ್ಪು ಉತ್ತರ ಅಮ್ಮ. ಅದು ನಾಲಿಗೆ ತಪ್ಪಿದ್ದು. ಹಾಡಿದ್ದು ದೊಡ್ಡ ಗಾಯಕಿ ಅಲ್ಲ, ಟ್ರ್ಯಾಕ್ ಹಾಡೋಕೆ ಬಂದಿದ್ದ ನಮ್ಮ ಚಿಕ್ಕಮ್ಮ. ಹೆದರಿಕೆಗೆ ಹಂಗಂದಳು. ನಕ್ಕು ಹೊರಗೆ ಕಳಿಸಿದ್ರು.”

“ಅಯ್ಯೋ... ಅಷ್ಟು ಹೆದರ್ಕೊಂಡಿದ್ಲಾ ಅವಳು?”

“ಹೂಂ ಅಮ್ಮ.”

ಕರೆ ಕಡಿದುಹೋಯಿತು. ಯಾವುದೋ ಸೋಪಿನ ಜಾಹೀರಾತು ಶುರುವಾಯಿತು. ಮುಖ್ಯಸ್ಥ ಬಾಗಿಲು ನೂಕಿ ಒಳಗೆ ಬಂದ. ಮುಖ ಸುಟ್ಟ ಬದನೆಕಾಯಿಯಾಗಿತ್ತು.

“ಮೈಕ್ ಆನ್ ಆದ ತಕ್ಷಣ ಕ್ಷಮೆ ಕೇಳು. ತಮಾಷೆಗೆ ಅಂದೆ, ನಿಟ್ಟುಸಿರೇ ಸರಿ ಅಂತ ಹೇಳು. ನಿನ್ನ ಕೆಲಸ ಉಳಿಯುತ್ತೆ. ನಿಮ್ಮ ಚಿಕ್ಕಮ್ಮನ ಔಷಧಿನೂ ನಡೆಯುತ್ತೆ.”

ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು.

ಕೆಂಪು ದೀಪ ಹತ್ತಿತು. “ಕೇಳು,” ಎಂದ ಅವನು, ತುಟಿಯಲ್ಲೇ.

“ಕೇಳಲ್ಲ,” ಎಂದಳು, ಮೈಕಿನಲ್ಲಿ.